ಸೊಂಟದೆತ್ತರದ ಮಡಿ

ನಮ್ಮ ಕಣಿವೆಯ ಹಳ್ಳಿ ಸಾಲ್ಗುಗೋಲಿನಲ್ಲಿ ಯಾರ ಮನೆ ಹೇಗಿದೆ ಎಂದು ತಿಳಿಯಲು ಒಳಗೆ ಹೋಗಿ ವಿಚಾರಿಸಬೇಕಾಗಿಲ್ಲ. ಏಪ್ರಿಲ್ ಕೊನೆಗೆ ಅವರ ಹೊಲ ನೋಡಿದರೆ ಸಾಕು. ಮೆಣಸಿನಕಾಯಿಗೆ ಸಾಲುದ್ದಕ್ಕೂ ಮಣ್ಣಿನ ದಿಬ್ಬ ಕಟ್ಟಿ ಬೋದು ಏರಿಸಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿದ್ದರೆ ಮನೆಯಲ್ಲಿ ಎಲ್ಲರೂ ಕ್ಷೇಮ ಎಂದರ್ಥ. ಆ ವರ್ಷ ಎಲ್ಲರ ಹೊಲವೂ ಕಪ್ಪಗೆ ಮಿರುಗುತ್ತಿದ್ದಾಗ ನಡುವೆ ಒಂದೇ ಒಂದು ಹೊಲ ಬೋಳಾಗಿ ಬಿದ್ದಿತ್ತು. ಅದು ಪಕ್ಕದ ಮನೆಯ ಬೊಂಗಿಮಕ್ಕನ ಹೊಲ.

ಬೊಂಗಿಮಕ್ಕ ಕಣಿವೆಯಾಚೆಯ ಊರಿಂದ ಸೊಸೆಯಾಗಿ ಬಂದವಳು. ಬಂದಾಗ ಗಂಡನ ಮನೆಯವರು ಅವಳಿಗೆ ತೋರಿಸಿದ್ದು ಗುಡ್ಡದ ಬುಡದ ಒಂದು ತುಂಡು ಭೂಮಿ. ಬಿಸಿಲೇನೋ ಚೆನ್ನಾಗಿ ಬೀಳುತ್ತಿತ್ತು, ಆದರೆ ಮಳೆಗಾಲದಲ್ಲಿ ಗುಡ್ಡದ ನೀರೆಲ್ಲ ಇಳಿದು ಅಲ್ಲೇ ನಿಲ್ಲುತ್ತಿತ್ತು. ಬೇರು ಕೊಳೆತು ಗಿಡಗಳು ತಲೆ ಕೆಳಗೆ ಹಾಕುತ್ತಿದ್ದವು. ಹೊಸ ಸೊಸೆ ಯಾರನ್ನೂ ಕೇಳದೆ ಬೋದನ್ನು ಮೊಣಕಾಲೆತ್ತರಕ್ಕೆ ಏರಿಸಿದಳು. ಅತ್ತೆ ಬದುವಿನ ಮೇಲೆ ನಿಂತು, ಇದೇನು ಮೆಣಸಿನಕಾಯಿ ಬೆಳೆಯೋಕೋ ನನ್ನ ಹೂಳೋಕೋ ಎಂದು ಊರಿಗೆಲ್ಲ ಕೇಳಿಸುವಂತೆ ಕೇಳಿದಳಂತೆ. ಆ ಮಳೆಗಾಲ ಕಳೆದಾಗ ಆ ಬಯಲಿನಲ್ಲಿ ನೆಟ್ಟಗೆ ನಿಂತಿದ್ದು ಬೊಂಗಿಮಕ್ಕನ ಗಿಡ ಮಾತ್ರ. ಮಾರನೆಯ ವರ್ಷ ಅತ್ತೆ, ಎತ್ತರದ ಬೋದು ನಮ್ಮ ಮನೆತನದ ಪದ್ಧತಿ ಎಂದು ಹೇಳಿಕೊಂಡು ತಿರುಗಿದಳು. ಬೊಂಗಿಮಕ್ಕ ಬೋದು ಏರಿಸುತ್ತಲೇ ಹೋದಳು. ಅವಳಿಗೆ ಬೇಕಾಗಿದ್ದದ್ದು ಗಿಡ, ಹೆಸರಲ್ಲ.

ಅಲ್ಲಿಂದೀಚೆಗೆ ಅವಳ ಬದುಕೆಲ್ಲ ಕುಕ್ಕರಗಾಲಿನಲ್ಲೇ ಕಳೆಯಿತು. ನಮ್ಮ ಕಡೆ ಹೆಂಗಸರು ತೊಡೆಗೆ ಪಟ್ಟಿ ಹಾಕಿ ಹಿಂದೆ ಒಂದು ದುಂಡನೆಯ ಮೆತ್ತೆ ಕಟ್ಟಿಕೊಂಡು, ಎಲ್ಲಿ ಬೇಕೋ ಅಲ್ಲಿ ಕೂತು ಕೆಲಸ ಮಾಡುತ್ತೇವೆ. ಅವಳು ಆ ಮೆತ್ತೆ ಕಟ್ಟಿಕೊಂಡೇ ಹುಟ್ಟಿದವಳೇನೋ ಅನ್ನಿಸುತ್ತಿತ್ತು. ಚಳಿಗಾಲಕ್ಕೆಂದು ಕಿಮ್ಚಿ ಉಪ್ಪಿನಕಾಯಿ ಹಾಕುವ ಹೊತ್ತಿಗೆ ಅವಳ ಖಾರದಪುಡಿ ಇಲ್ಲದೆ ನಮ್ಮ ಬೀದಿಯಲ್ಲಿ ಯಾರ ಮನೆಯ ಎಲೆಕೋಸೂ ಕೆಂಪಾಗುತ್ತಿರಲಿಲ್ಲ.

ಅವಳ ಆ ಬೆನ್ನು ಆ ಏಪ್ರಿಲ್‌ಗೆ ಮುಂಚಿನ ಚಳಿಗಾಲದಲ್ಲಿ ಕೈಕೊಟ್ಟಿತು. ಆಪರೇಷನ್ ಮಾಡಿದ ಡಾಕ್ಟರು ಇನ್ನು ಬಗ್ಗುವ ಹಾಗಿಲ್ಲ, ಕುಕ್ಕರಗಾಲಿನಲ್ಲಿ ಕೂರುವ ಹಾಗಿಲ್ಲ, ನಿಂತು ಮಾಡುವ ಕೆಲಸವಿದ್ದರೆ ಮಾಡಿ ಎಂದು ಹೇಳಿ ಕಳಿಸಿದರು. ಹೊಲದಲ್ಲಿ ನಿಂತು ಮಾಡುವ ಕೆಲಸವೆಂದರೆ ಬೆದರುಬೊಂಬೆಯದು ಮಾತ್ರ. ನೋಡಲು ಹೋದಾಗ ಅಕ್ಕ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಓಕ್ಜು, ಮೆಣಸಿನ ಗಿಡ ಮುಟ್ಟದೆ ನಾನು ಈ ಮನೇಲಿ ಏನಂತ ಇರ್ಲಿ? ಬೆಚ್ಚಗೆ ಮಲಗಿರೋ ಬೆಕ್ಕು ಅಂತಾನಾ?" ಆಮೇಲೆ ಗೋಡೆ ಕಡೆ ತಿರುಗಿ ಕೂತಳು. ಅನ್ನ ಅರ್ಧ ಬಟ್ಟಲಿಗೆ ಇಳಿಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು.

ಆ ಹೊಲದ ಮೇಲೆ ನನಗೆ ಕಣ್ಣಿರಲಿಲ್ಲ ಎಂದರೆ ಸುಳ್ಳಾದೀತು. ನಮ್ಮ ಹೊಲ ಗುಡ್ಡದ ನೆರಳಿನಲ್ಲಿದೆ, ಮಧ್ಯಾಹ್ನ ತಿರುಗುವಷ್ಟರಲ್ಲಿ ಬಿಸಿಲು ಎದ್ದುಹೋಗುತ್ತದೆ. ಅಕ್ಕ ಈ ವರ್ಷ ನೀನೇ ಮಾಡಿಕೋ ಅಂದರೂ ಅಂದಾಳು ಎಂದುಕೊಂಡು ನನ್ನ ಗಂಡ ಎರಡು ಟ್ರೇ ಸಸಿ ಹೆಚ್ಚಿಗೆ ಎಬ್ಬಿಸಿದ್ದ. ಆದರೆ ಬಾಯಿಬಿಟ್ಟು ಕೇಳುವುದು ಹೇಗೆ? ಅವಳು ಕೊಡುತ್ತೇನೆ ಅನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಹೊಲ ಬೋಳಾಗೇ ಉಳಿಯಿತು.

ಇನ್ನು ಅವಳ ಗಂಡ ಸಾಂಗ್‌ದುಕ್ ಭಾವ. ನಮ್ಮ ಕಣಿವೆಯ ಬಸ್ಸು ಓಡಿಸಿಯೇ ನಿವೃತ್ತರಾದವರು. ಮಣ್ಣೆಂದರೆ ಅವರ ಲೆಕ್ಕದಲ್ಲಿ ಹೆಂಗಸರ ಬೂಟಿನಿಂದ ಬಸ್ಸಿನ ಮೆಟ್ಟಿಲಿಗೆ ಅಂಟುವ ಪೀಡೆ. ಕೊಯ್ಲಿನಲ್ಲಿ ಚೀಲ ಹೊರುತ್ತಿದ್ದರು, ಅದೂ ಡ್ರೈವರಿನ ಬಿಳಿ ಗ್ಲೌಸು ಹಾಕಿಕೊಂಡು.

ಏಪ್ರಿಲ್ ನಡುವೆ ಅಕ್ಕನನ್ನು ವ್ಯಾಯಾಮದ ಚಿಕಿತ್ಸೆಗೆಂದು ಮಗಳು ಪೇಟೆಗೆ ಕರೆದುಕೊಂಡು ಹೋದಳು. ಕಾರು ತಿರುವು ದಾಟಿದ್ದೇ ತಡ, ಭಾವ ಸುತ್ತಿಗೆ ಹಿಡಿದು ಹಿತ್ತಲಿನ ಹಳೆಯ ತಂಬಾಕು ಒಣಗಿಸುವ ಮನೆಗೆ ನುಗ್ಗಿದರು. ಸಂಜೆಯ ಹೊತ್ತಿಗೆ ಅದರ ಹಲಗೆಗಳೆಲ್ಲ ಅಂಗಳದಲ್ಲಿದ್ದವು. ಆ ಹಲಗೆ ಹೊಡೆದು ಉದ್ದನೆಯ ಪೆಟ್ಟಿಗೆ ಕಟ್ಟತೊಡಗಿದರು. ದಾರಿಯಲ್ಲಿ ಹೋಗುವ ಗಂಡಸರು, ಏನು ಭಾವ, ಹಸು ತರ್ತೀರಾ, ಗೋದಲಿ ಜೋರಾಗಿದೆ ಎಂದು ಕಾಲೆಳೆದರು. ಎತ್ತರ ಎಷ್ಟಿಡಬೇಕೆಂದು ಅವರು ಯಾರನ್ನೂ ಕೇಳಲಿಲ್ಲ. ಒಳಗೆ ಹೋಗಿ ಅಡುಗೆಮನೆಯ ಸಿಂಕನ್ನು ಕೋಲಿನಿಂದ ಅಳೆದುಕೊಂಡು ಬಂದರು. ಆಪರೇಷನ್ ಆದ ಮೇಲೂ ಅಕ್ಕ ಬಗ್ಗದೆ ಪಾತ್ರೆ ತೊಳೆಯುತ್ತಿದ್ದ ಎತ್ತರ ಅದು. ಅವರು ಅದನ್ನು ಗಮನಿಸಿದ್ದಾರೆಂದು ನನಗೆ ಆವರೆಗೂ ಗೊತ್ತಿರಲಿಲ್ಲ.

ಸೊಂಟದೆತ್ತರದ ಪೆಟ್ಟಿಗೆ ತುಂಬುವುದು ಹುಡುಗಾಟವಲ್ಲ. ತಳಕ್ಕೆ ಪೈನ್ ಕೊಂಬೆ, ಅದರ ಮೇಲೆ ಭತ್ತದ ಹೊಟ್ಟು, ಆಮೇಲೆ ಗುಡ್ಡದ ಕೆಂಪು ಮಣ್ಣು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೆಣಸಿನಕಾಯಿ ಗೊಬ್ಬರ ತಿನ್ನುವ ಬೆಳೆ ಎಂದು ಹೆಂಡತಿಯ ಬಾಯಲ್ಲಿ ಕೇಳಿದ್ದರು. ಕಣಿವೆಯ ಬಾಯಲ್ಲಿರುವ ಕೋಳಿ ಸಾಕುವವರಿಂದ ಗೊಬ್ಬರ ಹೇರಿಕೊಂಡು ಬಂದರು. ಚೀಲ ಬಿಚ್ಚಿದಾಗ ಇನ್ನೂ ಹಬೆಯಾಡುತ್ತಿತ್ತು. ನಾನು ಬೇಲಿಯಾಚೆಯಿಂದ, ಭಾವ, ಹಸಿ ಗೊಬ್ಬರ ಅದು, ಚಳಿಗಾಲದಲ್ಲೇ ಹಾಕಿ ಕಳಿಯಲು ಬಿಡಬೇಕಿತ್ತು ಎಂದೆ.

"ಬಸ್ಸು ಓಡಿಸುವಾಗಲೂ ನೀನು ಹಿಂದಿನ ಸೀಟಲ್ಲಿ ಕೂತು ದಾರಿ ಹೇಳ್ತಿದ್ದೆ" ಎಂದರು ಭಾವ. "ಯಾವತ್ತಾದ್ರೂ ಹಳ್ಳಕ್ಕೆ ಬಿದ್ವಾ?"

ಅವರು ಗೊಬ್ಬರ ಸುರಿದು, ಮೇಲೆ ತೆಳ್ಳಗೆ ಮಣ್ಣು ಎಳೆದು, ಕಪ್ಪು ಹಾಳೆಯನ್ನು ಬಸ್ಸಿನ ಸೀಟಿಗೆ ಕವರು ಹಾಕಿದ ಹಾಗೆ ಬಿಗಿದು, ಮಾರನೆಯ ದಿನವೇ ತೂತು ಮಾಡಿ, ಸಂತೆಯಿಂದ ತಂದ ಸಸಿ ನೆಟ್ಟರು. ಬಿಳಿ ಗ್ಲೌಸು ಹಾಕಿಕೊಂಡೇ.

ಮೇ ಮೊದಲ ವಾರ ಅಕ್ಕ ವಾಪಸು ಬಂದಳು. ಕಾರಿಂದ ಇಳಿದವಳು ಕೋಲೂರಿಕೊಂಡು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ಅಂಚಿನ ಮೇಲೆ ಅಂಗೈ ಇಟ್ಟು ನೋಡಿದಳು. ನೀವೇ ಮಾಡಿದ್ದಾ ಎಂದಳು, ಮತ್ತಿನ್ಯಾರು ಎಂದರು ಭಾವ. ಅಷ್ಟೇ ಮಾತು. ಆದರೆ ಆ ರಾತ್ರಿಯ ಊಟದಲ್ಲಿ ಒಂದು ಬಟ್ಟಲು ಅನ್ನ ಪೂರ್ತಿ ಖಾಲಿಯಾಯಿತೆಂದು ಭಾವ ಬೆಳಿಗ್ಗೆ ಬೇಲಿಯ ಬಳಿ ಬಂದು ನನಗೆ ಹೇಳಿದರು. ಮುಖ ಅರಳಿತ್ತು.

ವಾರ ಕಳೆಯುವಷ್ಟರಲ್ಲಿ ಎಲೆಗಳ ಅಂಚು ಸುಟ್ಟ ಹಾಗೆ ಬೆಳ್ಳಗಾಯಿತು. ಆಮೇಲೆ ಒಂದೊಂದಾಗಿ ಗಿಡಗಳು ಜೋತುಬಿದ್ದವು. ಭಾವ ನೀರು ಹಾಕಿದರು, ಇನ್ನೂ ಹಾಕಿದರು. ಅಕ್ಕನ ಕಿಟಕಿಗೆ ಕಾಣಬಾರದೆಂದು ಬಿಸಿಲಿನ ನೆಪದಲ್ಲಿ ನೆರಳಿನ ಬಲೆ ಕಟ್ಟಿದರು. ಕೊನೆಗೆ ನಮ್ಮ ಮನೆಗೆ ಬಂದು ಜಗಲಿಯ ತುದಿಯಲ್ಲಿ ಕೂತರು. ಆ ಮನುಷ್ಯ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಓಕ್ಜು, ಇದೂ ಸತ್ರೆ ಅವಳು ಮತ್ತೆ ಗೋಡೆ ಕಡೆ ತಿರುಗ್ತಾಳೆ. ಈ ಸಲ ತಿರುಗಿದ್ರೆ ಈ ಕಡೆಗೆ ಬರಲ್ಲ."

ಅಷ್ಟರಲ್ಲಿ ಅವರ ಅಂಗಳದಿಂದ ಕೋಲಿನ ಸದ್ದು ಕೇಳಿತು. ಗಾಳಿ ತಿರುಗಿ ಹಸಿ ಗೊಬ್ಬರದ ವಾಸನೆ ಅಕ್ಕನ ಕಿಟಕಿಯೊಳಗೆ ಹೊಕ್ಕಿತ್ತು. ನಾವು ಓಡಿಹೋಗುವಾಗ ಅಕ್ಕ ಬಲೆ ಸರಿಸಿ, ತೂತಿನೊಳಗೆ ಬೆರಳು ತೂರಿಸಿ, ಮೂಗಿಗೆ ಹಿಡಿದು ನಿಂತಿದ್ದಳು.

"ಎಷ್ಟು ಹಾಕಿದ್ರಿ?"

"ಒಂದಿಷ್ಟು."

"ಒಂದಿಷ್ಟು ಅಂದ್ರೆ?"

ಭಾವ ಪೆಟ್ಟಿಗೆಯ ನಡುಮಟ್ಟಕ್ಕೆ ಕೈ ತೋರಿಸಿದರು.

"ಇದು ಗೊಬ್ಬರ ಅಲ್ಲ ರೀ, ಇನ್ನೂ ಬೆಂಕಿ. ಮೇಲೆ ಪ್ಲಾಸ್ಟಿಕ್ ಮುಚ್ಚಿ ಬೇರನ್ನ ಹಬೇಲಿ ಬೇಯಿಸಿದ್ದೀರಿ. ಬೇಯಿಸೋಕೆ ಇಷ್ಟು ಚೆನ್ನಾಗಿ ಬರೋ ಹಾಗಿದ್ರೆ ಇಷ್ಟು ವರ್ಷ ಅಡುಗೆಮನೆ ಕಡೆ ಯಾಕೆ ತಲೆ ಹಾಕ್ಲಿಲ್ಲ?"

ಆಮೇಲೆ ಬೈಗುಳ ಶುರುವಾಯಿತು. ಗ್ಲೌಸಿನಿಂದ ಹಿಡಿದು, ಕೇಳದೆ ಕೆಡವಿದ ತಂಬಾಕು ಮನೆ, ಮದುವೆಯ ದಿನ ತಡವಾಗಿ ಬಂದದ್ದು, ಎಲ್ಲ ಬಂತು. ಚಳಿಗಾಲದಿಂದ ಕೂಡಿಟ್ಟಿದ್ದ ಮಾತೆಲ್ಲ ಒಮ್ಮೆಲೇ ಹೊರಬಿತ್ತು. ಭಾವ ತಲೆ ತಗ್ಗಿಸಿ ನಿಂತಿದ್ದರು, ಆದರೆ ಅವರ ತುಟಿಯಂಚಿನಲ್ಲಿ ನಗು ಅಡಗಿದ್ದನ್ನು ನಾನು ನೋಡಿದೆ. ನನಗೂ ಆ ಬೈಗುಳ ಕೇಳಲು ಹಿತವಾಗಿತ್ತು.

ಬೈಯುತ್ತಲೇ ಅವಳು ಹಾಳೆಯನ್ನು ಕೈಯಿಂದ ಹರಿದು ಹಾಕಿದಳು. ಗೊಬ್ಬರ ತೆಗೆದು ಬೇರೆ ರಾಶಿ ಮಾಡಿ, ಒಳಗಿನ ಮಣ್ಣು ತಿರುವಿ, ಹೊಸ ಮಣ್ಣು ತುಂಬಿ, ವಾಸನೆ ಪೂರ್ತಿ ಹೋಗುವ ತನಕ ಹಾಗೇ ಬಿಡಬೇಕೆಂದು ಹುಕುಂ ಮಾಡಿದಳು. ಭಾವ ಅಗೆದರು, ಅವಳು ನಿಂತು ಮಾಡಿಸಿದಳು. ನಡುವೆ ನನ್ನ ಕಡೆ ತಿರುಗಿದಳು. "ನಿಮ್ಮಲ್ಲಿ ಎರಡು ಟ್ರೇ ಸಸಿ ಹೆಚ್ಚಿಗೆ ಇದೆಯಲ್ಲ. ಯಾವ ಹೊಲಕ್ಕೆ ಅಂತ ನನಗೆ ಗೊತ್ತು. ಅದನ್ನ ಇಲ್ಲಿಗೆ ತಗೊಂಡ್ಬಾ." ನನ್ನ ಕಿವಿ ಬಿಸಿಯಾಯಿತು.

ವಾಸನೆ ಹೋಗುವ ಹೊತ್ತಿಗೆ ಮೇ ತಿಂಗಳು ಮುಗಿಯುತ್ತ ಬಂದಿತ್ತು. ಟ್ರೇಯಲ್ಲಿನ ಸಸಿಗಳು ಬಡಕಲಾಗಿ ಉದ್ದಕ್ಕೆ ಎದ್ದು, ಮೊದಲ ಕವಲಿನಲ್ಲಿ ಮೊಗ್ಗು ಕಟ್ಟಿದ್ದವು. ಅಕ್ಕ ಪೆಟ್ಟಿಗೆಯ ಮುಂದೆ ನಿಂತು, ಕೋಲನ್ನು ಅಂಚಿಗೆ ಒರಗಿಸಿ, ಪ್ರತಿ ಸಸಿಯ ಕವಲಿನ ಮೊಗ್ಗನ್ನು ಚಿವುಟಿ ಎಸೆದು ನೆಟ್ಟಳು. ಆ ಮೊಗ್ಗು ಬಿಟ್ಟರೆ ಗಿಡ ಅಲ್ಲೇ ಕುಳ್ಳಾಗಿ ಉಳಿಯುತ್ತದೆ. ಬೆನ್ನು ಬಗ್ಗಲಿಲ್ಲ. ಸಿಂಕಿನ ಎತ್ತರ ಸರಿಯಾಗೇ ಇತ್ತು. ಒಂದು ಸಾಲು ಮುಗಿದಾಗ ಅವಳು ತಲೆಯೆತ್ತಿ ಗುಡ್ಡದ ಬುಡದ ಹೊಲದ ಕಡೆ ನೋಡಿದಳು. ಹುಲ್ಲು ಆಗಲೇ ಮೊಣಕಾಲು ಮುಟ್ಟಿತ್ತು.

"ಆ ಹೊಲ ನೀನು ಮಾಡ್ಕೋ" ಎಂದಳು.

ಚಳಿಗಾಲದಿಂದ ನಾನು ಕಾದಿದ್ದ ಮಾತು ಅದು. ಬಂದಾಗ ಖುಷಿಯಾಗಲಿಲ್ಲ. ಮೆಣಸಿನಕಾಯಿಗೆ ಈ ವರ್ಷ ಹೊತ್ತು ಮೀರಿದೆ, ಎಳ್ಳು ಹಾಕುತ್ತೇನೆ ಎಂದೆ. ಬರುವ ವರ್ಷ ಬೋದು ಏರಿಸುವಾಗ ನೀನು ಬಂದು ದಾರಿಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡು ಎಂದೂ ಅಂದೆ.

"ಕರೀಬೇಡ ಓಕ್ಜು" ಎಂದಳು ಅಕ್ಕ. "ಬೇರೆಯವರು ಬೋದು ಎಳೆಯೋದನ್ನ ಕೂತು ನೋಡೋಕೆ ನನ್ನ ಕೈಲಾಗಲ್ಲ. ಅಳು ಬರತ್ತೆ."

ಹಾಗೆಂದು ಕೈ ಚಾಚಿದಳು. ನಾನು ಮುಂದಿನ ಸಸಿಯನ್ನು ಕೊಟ್ಟೆ.