ಬೆಳ್ಳಿ ದರ್ಜೆಯ ಲಾಡ್ಜು

ರಂಗಂಪೇಟೆಯಲ್ಲಿ ನಮ್ಮ ಎದುರುಮನೆಯ ಅಕ್ಕ, ಕೆಳಗೆ ತಾವಿದ್ದು ಮೇಲೆ ಲಾಡ್ಜು ಕಟ್ಟಿಸಿದರು. ಮಳೆನೀರು ಹಿಡಿದರೆ, ಹತ್ತಿರದ ಕಲ್ಲನ್ನೇ ಬಳಸಿದರೆ, ಹಗಲು ದೀಪ ಬೇಡದಷ್ಟು ಬೆಳಕು ಬಂದರೆ ಕಟ್ಟಡಕ್ಕೆ ಅಂಕ ಸಿಗುತ್ತವೆ. ಅಂಕ ಕೂಡಿದಂತೆ ಬೆಳ್ಳಿ, ಬಂಗಾರದ ದರ್ಜೆಯ ಹಸಿರು ಸರ್ಟಿಫಿಕೇಟು ಕೊಡುತ್ತಾರೆ ಎಂದು ಎಂಜಿನಿಯರು ಹೇಳಿದ್ದರು. ಸಂತೆಯಲ್ಲಿ ಕೊತ್ತಂಬರಿಗೆ ಚೌಕಾಶಿ ಮಾಡುವ ಅಕ್ಕ, ತಪಾಸಣೆಗೆ ಬಂದವರನ್ನೂ ಬಿಡಲಿಲ್ಲ.

"ಕಲ್ಲು ಶಹಾಪುರದ್ದೇ ಅದರಿ. ಇನ್ನೊಂದು ಪಾಯಿಂಟ್ ಹಾಕ್ರಿ."

"ಹಂಗ ಹಾಕಾಕ ಬರಂಗಿಲ್ರಿ ಅಮ್ಮಾರ," ಎಂದು ಅವರು ನಕ್ಕರು. "ಇನ್ನೊಂದು ಶರತ್ತು ಅದ. ಒಳಗ ಯಾರೂ ಬೀಡಿ ಸೇದಂಗಿಲ್ಲ. ಕಿಟಕಿ ಹತ್ರನೂ ನಡಿಯಂಗಿಲ್ಲ. ಸೇದಿದ್ರ ಸರ್ಟಿಫಿಕೇಟೇ ಇಲ್ಲ."

ಮದುವೆಯಾದಾಗಿನಿಂದ ಗಂಡನ ಬೀಡಿ ಬಿಡಿಸಲು ಹೆಣಗಿದ್ದ ಅಕ್ಕನ ಕಣ್ಣು ಮಿಂಚಿದವು.

"ಮನಿ ಯಜಮಾನ್ರಿಗೂ ಲಾಗೂ ಏನ್ರಿ?"

"ಎಲ್ಲಾರಿಗೂರಿ."

"ಜರಾ ಜೋರಾಗಿ ಹೇಳ್ರಿ, ಅವರು ಒಳಗ ಕುಂತಾರ."

ಬಂಗಾರ ತಪ್ಪಿ ಬೆಳ್ಳಿ ಬಂತು. ಅಕ್ಕ ಓಣಿಗೆಲ್ಲ ಪೇಢೆ ಹಂಚಿದರು. ಅಂದಿನಿಂದ ಯಜಮಾನರು ಸುಡುಬಿಸಿಲಲ್ಲಿ ರಸ್ತೆ ದಾಟಿ, ನಮ್ಮ ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚುತ್ತಿದ್ದರು. ಎರಡು ದಮ್ಮು ಎಳೆಯುವಷ್ಟರಲ್ಲಿ ಎದುರಿನಿಂದ ಕೂಗು ಕೇಳುತ್ತಿತ್ತು:

"ಇನ್ನಷ್ಟು ಅತ್ತ ಸರೀರಿ, ಗಾಳಿ ಈ ಕಡಿ ಬೀಸಾಕತ್ತದ!"