ಮಣ್ಣು ಮುಟ್ಟಿ ಹೇಳಿದ ಮಾತು

ಇಮಾಮ, ನಾನು ಸುಳ್ಳು ಹೇಳಿದ್ದೆ. ಬೈಲಹೊಂಗಲದ ಪೇಟೆಯ ನಡುವಿನ ಕುಸ್ತಿ ಮೈದಾನದಲ್ಲಿ, ಊರೆಲ್ಲ ನೋಡುತ್ತಿರುವಾಗ, ಕಣದ ಕೆಂಪು ಮಣ್ಣು ಮುಟ್ಟಿ ಸುಳ್ಳು ಹೇಳಿದ್ದೆ. ಇದು ಗೊತ್ತಿರುವುದು ಇಬ್ಬರಿಗೇ — ಹೇಳಿದ ನನಗೆ, ಕೇಳಿಸಿಕೊಂಡು ಸುಮ್ಮನಾದ ನಿನಗೆ. ನನಗೆ ಗೊತ್ತಿರುವುದನ್ನೇ ನನಗೆ ಹೇಳುತ್ತಾನಲ್ಲ ಈ ಮಳ್ಳ, ಎಂದು ನಗಬೇಡ. ಅಥವಾ ನಗು. ನಿನ್ನ ನಗು ಕೇಳಿ ಎಷ್ಟು ಕಾಲವಾಯಿತೋ.

ಈಗ ಅಲ್ಲಿ ಮೈದಾನವಿಲ್ಲ. ಕಾಂಪ್ಲೆಕ್ಸ್ ಬರುತ್ತದಂತೆ, ಕೆಳಗೆ ಅಂಗಡಿ, ಮೇಲೆ ಆಫೀಸು. ಕಲ್ಲಿನ ಮೆಟ್ಟಿಲುಗಳನ್ನು ಜೆಸಿಬಿ ಕಿತ್ತುಹಾಕಿತು. ಕಣದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಯಾವುದೋ ಲೇಔಟಿನ ತಗ್ಗಿಗೆ ಸುರಿದು ಬಂದರು. ಮಜ್ಜಿಗೆ, ಅರಿಸಿನ, ಎಣ್ಣೆ ಕುಡಿಸಿ ನಾವು ಸಾಕಿದ ಮಣ್ಣು! ನನಗೆ ಸಿಟ್ಟು ನೆತ್ತಿಗೇರಿ ಟ್ರ್ಯಾಕ್ಟರಿನವನ ಮೇಲೆ ಕೂಗಾಡಿದೆ. ಅವನು ಪಾಪ, "ಯಜಮಾನ್ರ, ಒಯ್ದು ಹಾಕಂದಾರ, ಹಾಕಾಕ ಹತ್ತೇನಿ. ನನ್ನ ಮ್ಯಾಲ್ಯಾಕ ಸಿಟ್ಟ ಮಾಡತೀರಿ?" ಎಂದ. ಅವನ ಮೇಲೆ ಯಾಕೆ ಸಿಟ್ಟು ಮಾಡಿದೆನೆಂದು ನನಗೆ ಗೊತ್ತಿತ್ತು.

ಆ ಮೈದಾನದ ಚರಿತ್ರೆಯನ್ನು ನಿನಗೆ ಯಾರೂ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ — ಅದನ್ನು ಬಿಟ್ಟರೆ ನನ್ನ ಸುಳ್ಳು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಮೊದಲು ಅದು ಕಲ್ಲಿನ ಗಣಿ. ಊರಿನ ಮನೆಗಳಿಗೆ ಕಲ್ಲು ಒಡೆದು ಒಡೆದು ಉಳಿದ ತಗ್ಗು. ಹಿರಿಯರು ಅದರ ತಳಕ್ಕೆ ಬಂಡಿಗಳಲ್ಲಿ ಕೆಂಪು ಮಣ್ಣು ತಂದು ಸುರಿದು ಕಣ ಮಾಡಿದರು. ಜನ ಸುತ್ತಲಿನ ಏರಿನ ಮೇಲೆ ಕುಳಿತು ನೋಡಿದರು. ಆಮೇಲೆ ಏರಿಗೆ ಮೆಟ್ಟಿಲು ಬಂದವು, ಮೈದಾನದ ಸುತ್ತ ಪೇಟೆ ಬೆಳೆಯಿತು. ಕುಸ್ತಿಯ ದಿನ ವ್ಯಾಪಾರಿಗಳು ಮಧ್ಯಾಹ್ನಕ್ಕೇ ಅಂಗಡಿ ಮುಚ್ಚುತ್ತಿದ್ದರು. ಕಿತ್ತೂರು, ಸವದತ್ತಿ ಕಡೆಯ ಪೈಲ್ವಾನರು ಬಸ್ಸಿಳಿದು ನಡೆದು ಬಂದರೆ ದಾರಿಯುದ್ದಕ್ಕೂ ಹುಡುಗರ ಹಿಂಡು. ಸಂಗೊಳ್ಳಿಯವರು ಹಲಗೆ ಬಾರಿಸುತ್ತಲೇ ಮೆಟ್ಟಿಲಿಳಿಯುತ್ತಿದ್ದರು. ಆ ಸದ್ದಿಗೆ ತೊಡೆ ತಾನಾಗೇ ಅದುರುತ್ತಿತ್ತು, ನೆನಪಿದೆಯಲ್ಲ?

ಮತ್ತೆ ಆ ಪದ್ಧತಿ. ಹಳೆಯ ಕಾಲದಲ್ಲಿ ತೀರ್ಪು ಹೇಳುವ ಒಬ್ಬ ಪಂಚರಿದ್ದರಂತೆ. ವಯಸ್ಸಾಗಿ ಕಣ್ಣು ಮಂಜಾದವು, ಆದರೆ ಪಂಚರ ಜಾಗ ಬಿಡಲು ಮುದುಕನಿಗೆ ಮನಸ್ಸಿಲ್ಲ. ಬೆನ್ನು ನೆಲಕ್ಕೆ ಹತ್ತಿತೋ ಇಲ್ಲವೋ ಕಾಣದೆ ಹೋದಾಗ, ಕೆಳಗೆ ಬಿದ್ದವನನ್ನೇ ಕರೆದು, ಮಣ್ಣು ಮುಟ್ಟಿಸಿ ಕೇಳಿಬಿಡುತ್ತಿದ್ದರು. ಅವನು ಹೇಳಿದ್ದೇ ತೀರ್ಪು. ಮುದುಕನ ಹಟವೇ ಊರಿನ ಪದ್ಧತಿಯಾಯಿತು. ಬೇರೆ ಊರಿನವರು ನಗುತ್ತಿದ್ದರು — ಬಿದ್ದವನನ್ನು ಕೇಳಿ ತೀರ್ಪು ಕೊಡುವ ಊರು ಎಂದು. ನಗಲಿ. ಬೈಲಹೊಂಗಲದ ಮಣ್ಣು ಮುಟ್ಟಿ ಯಾರೂ ಸುಳ್ಳು ಹೇಳಿರಲಿಲ್ಲ. ಪರ ಊರಿನ ಪೈಲ್ವಾನರು ಕೂಡ ಅಲ್ಲಿ ಬಾಗಿ, ಮಣ್ಣು ಮುಟ್ಟಿ, ಸೋತೆ ಎಂದು ಹೇಳಿ ಎದ್ದುಹೋದರು. ಹಾಗೆ ಹೇಳಿದವನಿಗೆ ಗೆದ್ದವನಿಗಿಂತ ಹೆಚ್ಚು ಚಪ್ಪಾಳೆ ಬೀಳುತ್ತಿತ್ತು.

ನೀನು ಸುರೇಬಾನದಿಂದ ನಿನ್ನ ಸೋದರಮಾವನ ಮನೆಗೆ ಬಂದು, ಮೈದಾನದ ಪಕ್ಕದ ನಮ್ಮ ಗರಡಿ ಸೇರಿದವನು. ಸಾಮು ತೆಗೆಯುವಾಗ ನಿನ್ನ ಪಕ್ಕ ನಾನು, ಎಣ್ಣೆ ತಿಕ್ಕುವಾಗ ನನ್ನ ಬೆನ್ನಿಗೆ ನಿನ್ನ ಕೈ. ನಿಮ್ಮವ್ವ ಬಸ್ಸಿನವರ ಕೈಯಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದರೆ ಗಂಟು ಬಿಚ್ಚುವವನು ನಾನೇ. ನೀನು ನನ್ನನ್ನು ಕೆಡವಿದಾಗಲೆಲ್ಲ ಕೈ ಚಾಚಿ, "ಏಳೋ ನವಾಬ, ಇಲ್ಲೇನ ಹಾಸಿಗಿ ಹಾಸೇತೇನ?" ಎನ್ನುತ್ತಿದ್ದೆ. ಆ ಕೈ ಹಿಡಿದು ಏಳುವುದರಲ್ಲಿ ಎಂಥ ಸುಖವಿತ್ತು — ಈಗ ಮೊಣಕಾಲು ಹಿಡಿದು, ಗೋಡೆ ಹಿಡಿದು ಏಳುವಾಗಲೂ ಆ ಮಾತೇ ಕೇಳಿಸುತ್ತದೆ.

ಒಂದೇ ಗರಡಿಯವರು ಕೊನೆಯ ಕುಸ್ತಿಯಲ್ಲಿ ಎದುರಾಗುವುದಿಲ್ಲ. ಆದರೆ ನಾನು ಸುಳ್ಳು ಹೇಳಿದ ಆ ವರ್ಷ ವಸ್ತಾದರೇ ನಮ್ಮಿಬ್ಬರ ಜೋಡಿ ಹಾಕಿದರು. ನಮಗೆ ಕುಸ್ತಿ ಕಲಿಸಿದ ಗುರು, ಅವರ ಮಾತಿಗೆ ಎದುರಾಡುವವರು ಯಾರು? "ನನ್ನ ಮೊಣಕಾಲ ಇನ್ನ ಸಾಕಂತಾವ. ನಿಮ್ಮಿಬ್ರಾಗ ಗೆದ್ದಾವ ನಾಳಿಂದ ಗರಡಿ ನಡಸಲಿ" ಎಂದರು. ಅವರ ತಲೆಯ ಕೆಂಪು ರುಮಾಲು ಗೆದ್ದವನ ತಲೆಗೆ.

ಬಹಳ ಹೊತ್ತು ಯಾರೂ ಬೀಳಲಿಲ್ಲ. ನನ್ನ ಪಟ್ಟುಗಳೆಲ್ಲ ನಿನಗೆ ಬಾಯಿಪಾಠ, ನಿನ್ನವು ನನಗೆ. ಹೊತ್ತು ಮುಳುಗುವ ಬಿಸಿಲು ಆ ದಿನದ ಪಂಚರ ಕಣ್ಣಿಗೇ ಹೊಡೆಯುತ್ತಿತ್ತು. ಆಗ ನೀನು ನನ್ನ ಸೊಂಟಕ್ಕೆ ಕೈ ಹಾಕಿ ಎತ್ತಿ ಒಗೆದೆ. ನಾನು ಬಿದ್ದ ರಭಸಕ್ಕೆ ಉರುಳಿ ಮಗ್ಗುಲಾದೆ. ಧೂಳು, ಕೂಗು. ಅರ್ಧ ಜನ ಬೆನ್ನು ಹತ್ತಿತು, ಚಿತ್ ಆಯಿತು ಎಂದರು, ಅರ್ಧ ಜನ ಇಲ್ಲ ಎಂದರು. ಪಂಚರು ಹತ್ತಿರ ಬಂದು ಕೇಳಿದರು:

"ತಮ್ಮಾ, ಮಣ್ಣ ಮುಟ್ಟಿ ಹೇಳು. ಬೆನ್ನ ನೆಲಕ್ಕ ಹತ್ತೇತೋ ಇಲ್ಲೋ?"

ನೀನಾಗಲೇ ಕೈ ಚಾಚಿದ್ದೆ — ನನ್ನನ್ನು ಎಬ್ಬಿಸಲು, ಎಂದಿನಂತೆ. ನಾನು ಆ ಕೈ ಹಿಡಿಯಲಿಲ್ಲ. ಅಂಗೈಯನ್ನು ಮಣ್ಣಿಗೆ ಊರಿದೆ.

"ಹತ್ತಿಲ್ರಿ" ಎಂದೆ.

ನಿನ್ನ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು. ಪಂಚರು ನಿನ್ನ ಕಡೆ ತಿರುಗಿದರು. "ಇಮಾಮ, ನೀ ಏನಂತಿ?" ನೀನು ನನ್ನ ಮುಖ ನೋಡಿದೆ. ಸಿಟ್ಟಿನಿಂದ ನೋಡಿದ್ದರೆ ಇಷ್ಟು ವರ್ಷ ನಾನು ನಿದ್ದೆ ಮಾಡುತ್ತಿದ್ದೆನೇನೋ. ನೀನು ನೋಡಿದ್ದು ಗುರುತು ಸಿಗದವನನ್ನು ನೋಡುವ ಹಾಗೆ. "ಅಂವಾ ಮಣ್ಣ ಮುಟ್ಟ್ಯಾನ್ರಿ. ಮುಗೀತು" ಎಂದೆ.

ಕುಸ್ತಿ ಮತ್ತೆ ನಡೆಯಿತು. ನಡೆಯಿತೆಂದು ಜನ ಅಂದುಕೊಂಡರು — ನನ್ನ ಕೈಗೆ ಸಿಕ್ಕಿದ್ದು ನಿನ್ನ ತೋಳು, ನಿನ್ನ ಕುತ್ತಿಗೆ, ಆದರೆ ಅವುಗಳಲ್ಲಿ ನೀನಿರಲಿಲ್ಲ. ಸ್ವಲ್ಪ ಹೊತ್ತಿಗೇ ನಿನ್ನನ್ನು ಕೆಡವಿದೆ. ಪಂಚರು ಕೇಳುವ ಮೊದಲೇ, ಯಾರೂ ಕೇಳದೆ, ನೀನು ಮಣ್ಣು ಮುಟ್ಟಿ "ಹತ್ತೇತ್ರಿ, ನಾ ಸೋತೆ" ಎಂದೆ. ಮೈದಾನಕ್ಕೆ ಮೈದಾನವೇ ಎದ್ದು ನಿನಗೆ ಚಪ್ಪಾಳೆ ತಟ್ಟಿತು. ನನ್ನ ತಲೆಗೆ ರುಮಾಲು ಬಂತು.

ನಾನು ಯಾಕೆ ಸುಳ್ಳು ಹೇಳಿದೆ? ಬೇಕಾಗಿತ್ತು, ಅದಕ್ಕೆ. ರುಮಾಲು ಬೇಕಾಗಿತ್ತು, ಪೇಟೆಯಲ್ಲಿ ನಡೆದರೆ ಜನ ವಸ್ತಾದರೇ ಎಂದು ಕರೆಯುವುದು ಬೇಕಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಸಾಕಾಗಿದೆ. ಸಿಕ್ಕಿಲ್ಲ.

ಮರುದಿನ ನೀನು ಗರಡಿಗೆ ಬರಲಿಲ್ಲ. ನಿನ್ನ ಲಂಗೋಟಿ ಗೂಟಕ್ಕೆ ನೇತಾಡುತ್ತಿತ್ತು. ತೆಗೆಯುತ್ತೇನೆಂದ ಹುಡುಗನಿಗೆ ಬೈದು, "ಇರಲಿ ಬಿಡು, ಬರತಾನ" ಎಂದೆ. ನೀನು ಸುರೇಬಾನಕ್ಕೆ ಹೋದೆ, ಟೆಂಪೋ ಓಡಿಸಿದೆ, ಮತ್ತೆ ಯಾವ ಕಣಕ್ಕೂ ಇಳಿಯಲಿಲ್ಲ. ಆ ಕಡೆಯಿಂದ ಬಂದವರು ಮಾತ್ರ ಹೇಳುತ್ತಿದ್ದರು — ಬೈಲಹೊಂಗಲದವರು ಯಾರೇ ಸಿಕ್ಕರೂ ಇಮಾಮ ಒಂದೇ ಮಾತು ಕೇಳುತ್ತಾನೆ ಎಂದು. "ಮಣ್ಣ ಹೆಂಗೈತಿ? ಮಜ್ಜಿಗಿ ಹಾಕತಾರಿಲ್ಲೋ?" ನನ್ನ ಬಗ್ಗೆ ಏನೂ ಕೇಳುವುದಿಲ್ಲವಂತೆ. ಒಮ್ಮೆ ರಾಮದುರ್ಗದ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದೆ, ನಿನ್ನನ್ನು ನೋಡಲೇಬೇಕೆಂದು. ಸುರೇಬಾನದ ಬಸ್ಸು ಎದುರಿಗೇ ನಿಂತಿತ್ತು. ಚಹಾ ಕುಡಿದೆ. ಬಸ್ಸು ಹೋಯಿತು. ಇನ್ನೊಂದು ಚಹಾ ಕುಡಿದು ಊರಿಗೆ ಮರಳಿದೆ.

ಇನ್ನೊಂದನ್ನು ಹೇಳಬೇಕು, ಅದು ಮೊದಲನೆಯದಕ್ಕಿಂತ ಕೆಟ್ಟದ್ದು. ಮೈದಾನವನ್ನು ಕೆಡವುವ ಮುಂಚೆ ಅಲ್ಲಿ ಕೊನೆಯದಾಗಿ ಜನ ಸೇರಿದರು. "ವಸ್ತಾದ್ರ, ನೀವ ಮೈದಾನದ ಚರಿತ್ರೆ ಒಂದೀಟ ಹೇಳ್ರಿ" ಎಂದು ಮೈಕು ನನ್ನ ಕೈಗೆ ಕೊಟ್ಟರು. ಗಣಿಯ ಕತೆ, ಕಣ್ಣು ಕಾಣದ ಪಂಚರ ಕತೆ, ಎಲ್ಲ ಹೇಳಿದೆ. ಎಷ್ಟೋ ಸಲ ಹೇಳಿ ನಾಲಿಗೆಗೆ ರೂಢಿಯಾದ ಮಾತು ತಾನಾಗೇ ಬಂತು — ಈ ಮಣ್ಣು ಮುಟ್ಟಿ ಇವತ್ತಿನವರೆಗೆ ಯಾರೂ ಸುಳ್ಳು ಹೇಳಿಲ್ಲ. ಜನ ಕಣ್ಣೊರೆಸಿಕೊಂಡರು. ಆಗ ಮೇಲಿನ ಮೆಟ್ಟಿಲಿನಲ್ಲಿ ನಿನ್ನನ್ನು ಕಂಡೆ. ಬಿಳಿ ಗಡ್ಡ, ಹೆಗಲ ಮೇಲೆ ಟವೆಲ್ಲು. ಎಷ್ಟು ಮುದುಕನಾಗಿದ್ದೆ, ಇಮಾಮ! ಆದರೂ ಆ ಹೆಗಲು ನನಗೆ ತಿಳಿಯದೇ ಇರುತ್ತದೆಯೇ?

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು — ಇಲ್ಲ, ಒಬ್ಬ ಹೇಳಿದ್ದಾನೆ, ಅವನು ನಾನೇ ಎಂದು. ಹೇಳಲಿಲ್ಲ. ಹಾರ ಹಾಕಿದರು, ಹಾಕಿಸಿಕೊಂಡೆ. ಜನ ಕರಗಿದ ಮೇಲೆ ನೀನು ಒಬ್ಬನೇ ಮೆಟ್ಟಿಲಿಳಿದು ಕಣಕ್ಕೆ ಬಂದೆ. ಕುಕ್ಕರಗಾಲಲ್ಲಿ ಕುಳಿತು ಒಂದು ಹಿಡಿ ಮಣ್ಣೆತ್ತಿ ಮೂಸಿ ನೋಡಿದೆ. ಟವೆಲ್ಲಿನ ಚುಂಗಿಗೆ ಗಂಟು ಕಟ್ಟಿಕೊಂಡೆ. ನಾನು ಕಂಬದ ಪಕ್ಕ ನಿಂತಿದ್ದೆ, ಕೂಗಿದರೆ ಕೇಳುವಷ್ಟು ಹತ್ತಿರ. ನೀನು ಮೊಣಕಾಲು ಹಿಡಿದು ಏಳಲು ಒದ್ದಾಡುತ್ತಿದ್ದೆ. ನಾನು ಹೋಗಿ ಕೈ ಚಾಚಲಿಲ್ಲ. ಅದು ನನ್ನನ್ನು ಇವತ್ತಿಗೂ ಸುಡುತ್ತಿದೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ರಾಮದುರ್ಗದಲ್ಲಿ ಈ ಸಲ ಚಹಾ ಕುಡಿಯುವುದಿಲ್ಲ. ತಿರುಗಿ ಬಂದು ಗರಡಿಯ ಹುಡುಗರನ್ನೆಲ್ಲ ಕೂರಿಸಿ ಇದನ್ನೇ ಹೇಳುತ್ತೇನೆ, ರುಮಾಲು ಬಿಚ್ಚಿಟ್ಟು ಹೇಳುತ್ತೇನೆ. ಆದರೆ ಮೊದಲು ನಿನಗೆ. ನೀನು ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಕೇಳುವುದು ಒಂದನ್ನೇ. ಆ ಮೈದಾನದ ಮಣ್ಣು ಈಗ ಉಳಿದಿರುವುದು ನಿನ್ನ ಹತ್ತಿರ ಮಾತ್ರ. ಗಂಟು ಬಿಚ್ಚಿ ಅದನ್ನು ಅಂಗೈಯಲ್ಲಿ ಹಿಡಿ, ನಾನು ಮುಟ್ಟುತ್ತೇನೆ. ಆ ಪಂಚರು ಇಲ್ಲ, ವಸ್ತಾದರೂ ಇಲ್ಲ. ನೀನೇ ಕೇಳು — ಬೆನ್ನು ನೆಲಕ್ಕೆ ಹತ್ತಿತ್ತೋ ಇಲ್ಲವೋ ಎಂದು ಕೇಳು.

ಹತ್ತಿತ್ತು, ಇಮಾಮ. ಎರಡೂ ಹೆಗಲು ಹತ್ತಿದ್ದವು.