ಬ್ರೇಕ್ ಅಕ್ಕ ಊರ ಹೆಂಗಸರನ್ನು ಗುಡ್ಡ ಹತ್ತಿಸಿದ್ದು

ಊರಿನಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೇ: ಅವಳ ಅತ್ತೆ ಮತ್ತು ಲೈಸೆನ್ಸ್ ಆಫೀಸಿನ ಗುಮಾಸ್ತರು. ಮಿಕ್ಕವರಿಗೆಲ್ಲ ಅವಳು ಬ್ರೇಕ್ ಅಕ್ಕ. ಹೆಂಗಸರಿಗೆ ಕಾರು ಕಲಿಸುವುದು ಅವಳ ಕಸುಬು. ಪಕ್ಕದ ಸೀಟಿನಲ್ಲಿ ಕೂತು, ತನಗೆಂದೇ ಹಾಕಿಸಿಕೊಂಡ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, "ಬ್ರೇಕ್! ಬ್ರೇಕಮ್ಮಾ!" ಎಂದು ಅವಳು ಕೂಗಿದರೆ ಪಕ್ಕದ ಬೀದಿಯ ಸೈಕಲ್ಲುಗಳೂ ನಿಲ್ಲುತ್ತವೆ ಎಂದು ಜನ ನಗುತ್ತಿದ್ದರು.

ಈ ಕಸುಬಿಗೆ ಅವಳನ್ನು ಹಚ್ಚಿದವರು ಅತ್ತೆಯೇ. ಗಂಡ ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು. ಮನೆಯಲ್ಲಿ ಉಳಿದದ್ದು ಅವಳು, ಅತ್ತೆ ಮತ್ತು ಗಂಡನ ಹಳೆಯ ಕಾರು. ಕಾರನ್ನು ಮಾರಿಬಿಡೋಣ ಎಂದು ಮೈದುನ ಬಂದು ಕೂತ.

"ಮಾರೋದ್ಯಾಕೆ? ಇವಳು ಓಡಿಸ್ತಾಳೆ" ಅಂದರು ಅತ್ತೆ.

"ಅತ್ತೆ, ನಂಗೆ ಸೈಕಲ್ಲೂ ಬರಲ್ಲ. ಗೋಡೆಗೆ ಗುದ್ದಿಬಿಟ್ರೆ?"

"ಗೋಡೆ ಬಿದ್ರೆ ಕಟ್ಟಿಸ್ಬಹುದು ಕಣೆ. ನೀನು ಹೀಗೆ ಮೂಲೆ ಹಿಡಿದು ಕೂತ್ರೆ ನಿನ್ನ ಎಬ್ಬಿಸೋಕೆ ಯಾವ ಗಾರೆಯವನು ಬರ್ತಾನೆ?"

ಅವಳು ಕಲಿತಳು. ಗೋಡೆಗೂ ಗುದ್ದಿದಳು. ಗೋಡೆಯನ್ನು ಕಟ್ಟಿಸಿದ್ದೂ ಆಯಿತು. ಬರಬರುತ್ತಾ ಅದೇ ಕಾರು ಎರಡು ಹೊಟ್ಟೆ ತುಂಬಿಸಿತು.

ಒಂದು ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂತು ಕಲಿಯುತ್ತಿದ್ದವಳು ಹುಡುಗಿಯರ ಶಾಲೆಯ ಪಿ.ಟಿ. ಟೀಚರ್. ಓಟದಲ್ಲಿ ಎತ್ತಿದ ಕೈ; ಸ್ಟೀರಿಂಗ್ ಹಿಡಿದರೆ ಮಾತ್ರ ನಡುಗುವ ಕೈ. ಆಗ ಆಸರೆ ಮನೆಯ ದೊಡ್ಡಕ್ಕನ ಫೋನ್ ಬಂತು. ಸ್ವಂತ ಮನೆಯಲ್ಲಿ ಬಾಳಲಾಗದೆ ಹೊರಟುಬಂದ ಹೆಂಗಸರಿಗೆ ಇರಲು ಜಾಗ ಕೊಡುವ ಮನೆ ಅದು. ದೊಡ್ಡಕ್ಕ ಅದನ್ನು ನೋಡಿಕೊಳ್ಳುವಾಕೆ.

"ಬಸ್ ಸ್ಟ್ಯಾಂಡಲ್ಲಿ ಒಬ್ಳು ಮಗು ಕಟ್ಕೊಂಡು ಕೂತಿದಾಳಮ್ಮ. ಗಂಡನ ಕಡೆಯವ್ರು ಹುಡುಕ್ಕೊಂಡು ಹೊರಟಿದಾರಂತೆ. ನಂಗೆ ಒಂದು ಗಾಡೀನೂ ಸಿಗ್ತಿಲ್ಲ. ನೀನು ಎಲ್ಲಿದೀಯ?"

"ಬಸ್ ಸ್ಟ್ಯಾಂಡ್ ಹಿಂದೇನೇ ಇದೀನಿ. ಬಂದೆ" ಎಂದಳು ಬ್ರೇಕ್ ಅಕ್ಕ. ಇಳಿದು ಸೀಟು ಬದಲಾಯಿಸುವಷ್ಟು ವ್ಯವಧಾನ ಇರಲಿಲ್ಲ. "ಟೀಚರ್, ಎಡಕ್ಕೆ ತಿರುಗಿಸಿ. ದೇವರ ಮೇಲೆ ಭಾರ ಹಾಕಿ."

ಹಾಗೆ ನೆತ್ತಿಯ ಮೇಲೆ ಕೆಂಪು 'ಎಲ್' ಬೋರ್ಡು ಹೊತ್ತ ಕಾರು ಆಮೆಯ ನಡಿಗೆಯಲ್ಲಿ ಒಬ್ಬಳನ್ನು ಕಾಪಾಡಲು ಹೊರಟಿತು. ಬಸ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ಒಬ್ಬಾಕೆ, ಪಕ್ಕದಲ್ಲಿ ಪುಟ್ಟ ಮಗಳು, ಒಂದು ಬಟ್ಟೆಯ ಚೀಲ. ಇಬ್ಬರೂ ಹಿಂದಿನ ಸೀಟಿಗೆ ಹತ್ತಿದರು. ಕಾರು ಹೊರಟಿತು, ನಾಲ್ಕು ರಸ್ತೆ ಕೂಡುವಲ್ಲಿ ಕೆಮ್ಮಿ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ಹಿಂದಿನ ಬಸ್ಸಿನವನು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಟೀಚರ್ ಅಳುವುದೊಂದು ಬಾಕಿ.

ಆಗ ಹಿಂದಿನಿಂದ ಸಣ್ಣ ದನಿ ಬಂತು. "ಅಕ್ಕಾ, ಕ್ಲಚ್ ಬೇಗ ಬಿಡ್ತಿದೀರಿ. ಪಾದ ನಿಧಾನಕ್ಕೆ ಎತ್ತಿ."

ಬ್ರೇಕ್ ಅಕ್ಕ ತಿರುಗಿ ನೋಡಿದಳು. "ನಿಂಗೆ ಬರುತ್ತೇನಮ್ಮಾ?"

"ಮದುವೆಗೆ ಮುಂಚೆ ಅಪ್ಪನ ಹಾಲಿನ ವ್ಯಾನ್ ನಾನೇ ಓಡಿಸ್ತಿದ್ದೆ."

ಆ ಗಡಿಬಿಡಿಯಲ್ಲೂ ಮೂವರಿಗೂ ನಗು ಬಂತು. ಟೀಚರ್ ಪಾದವನ್ನು ನಿಧಾನಕ್ಕೆ ಎತ್ತಿದಳು, ಕಾರು ಹೊರಟಿತು. ಅಂದಿನಿಂದ ಆಸರೆ ಮನೆಯಲ್ಲಿ ಆಕೆಗೆ ವ್ಯಾನಮ್ಮ ಎಂಬ ಹೆಸರು ಬಿತ್ತು. ಆದರೆ ಒಳಗೆ ಕಾಲಿಟ್ಟವಳು ಆಮೇಲೆ ಎಷ್ಟೋ ದಿನ ಗೇಟು ದಾಟಲೇ ಇಲ್ಲ. ಮಗಳನ್ನು ಶಾಲೆಗೆ ಬೇರೆಯವರು ಬಿಟ್ಟುಬರುತ್ತಿದ್ದರು; ಅವಳು ಕಿಟಕಿಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಅವಳನ್ನು ಕರೆತಂದ ದಿನ ಸಂಜೆ ಅಡುಗೆಮನೆಯಲ್ಲಿ ಟೀ ಲೋಟ ಹಿಡಿದು ದೊಡ್ಡಕ್ಕ ಅಂದಳು: "ಫೋನ್ ಬಂದಾಗೆಲ್ಲ ಎದೆ ಡವಡವ ಅನ್ನುತ್ತೆ. ಒಂದು ಹಳೇ ವ್ಯಾನಾದ್ರೂ ನಮ್ಮದು ಅಂತ ಇದ್ದಿದ್ರೆ."

ಟೀಚರ್ ಲೋಟ ಕೆಳಗಿಟ್ಟಳು. "ಒಂದು ಓಟ ಇಡೋಣ. ಗುಡ್ಡದ ಕಾಲುದಾರೀಲಿ, ಹೆಂಗಸರಿಗೆ ಮಾತ್ರ. ಓಡೋರು ಕೈಲಾದಷ್ಟು ಚಂದಾ ಕೊಡ್ಲಿ. ಅದರಲ್ಲಿ ವ್ಯಾನ್ ತರೋಣ."

"ನೆಟ್ಟಗಿರೋ ರಸ್ತೆ ಬಿಟ್ಟು ಗುಡ್ಡ ಯಾಕೆ ಟೀಚರ್?"

"ರಸ್ತೇಲಿ ನಾವು ಓಡಿದ್ರೆ ಊರೆಲ್ಲ ನಿಂತು ನೋಡುತ್ತಕ್ಕ. ಗುಡ್ಡದಲ್ಲಿ ಕಲ್ಲು ಮುಳ್ಳು ಇದ್ರೂ ಯಾರ ಕಣ್ಣೂ ಇರಲ್ಲ."

ಮಾತು ಸರಿ ಅನ್ನಿಸಿತು. ಓಟದ ದಾರಿ ಟೀಚರದು, ಜನ ಕೂಡಿಸುವುದು ಬ್ರೇಕ್ ಅಕ್ಕನದು ಎಂದಾಯಿತು. ಅವಳಿಗೇನು, ಕಾರು ಕಲಿತ ಹೆಂಗಸರು ಬೀದಿಗೊಬ್ಬರಿದ್ದಾರೆ, ಒಂದು ಮಾತು ಹೇಳಿದರೆ ಬರುತ್ತಾರೆ ಎಂದುಕೊಂಡಳು. ಹೇಳಿದಳು. ಎಲ್ಲರೂ "ಒಳ್ಳೇ ಕೆಲಸ ಅಕ್ಕ" ಅಂದರು, ಯಾರೂ ಹೆಸರು ಕೊಡಲಿಲ್ಲ. ವಾರ ಕಳೆದರೂ ಓಡುವವರು ಅವಳು ಮತ್ತು ಟೀಚರ್, ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು. "ಏನಂತೆ ಎಲ್ಲಾರ್ದೂ?"

"ಮಕ್ಕಳನ್ನ ಯಾರು ನೋಡ್ಕೋತಾರೆ ಅಂತಾರೆ. ಎಲ್ಲರದ್ದೂ ಅದೇ ರಾಗ."

"ಅದು ರಾಗ ಅಲ್ಲ ಕಣೆ, ನಿಜ." ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಕಾಲಲ್ಲಿ ಕಸುವಿರೋರು ಓಡ್ಲಿ. ಇಲ್ದಿರೋ ನಾವು ಮುದುಕಿಯರು ಏನು ಮಾಡ್ತಿದೀವಿ? ಮಕ್ಕಳನ್ನ ಗುಡ್ಡದ ಬುಡಕ್ಕೆ ತಂದು ನನ್ನ ಮಡಿಲಿಗೆ ಹಾಕಿ ಓಡಕ್ಕೆ ಹೇಳು."

ಮರುದಿನ ಅತ್ತೆ ಕೋಲು ಹಿಡಿದು ಹೊರಟರು. ತಮ್ಮ ಗೆಳತಿಯರನ್ನೆಲ್ಲ ಎಬ್ಬಿಸಿದರು. ಆ ದಂಡು ಮನೆಮನೆಗೂ ನುಗ್ಗಿತು. ಬ್ರೇಕ್ ಅಕ್ಕನಿಗೆ ನೆಪ ಹೇಳಬಹುದಿತ್ತು, ಬೊಚ್ಚು ಬಾಯಿ ತುಂಬ ನಗುತ್ತಾ "ಮಗೂನ ನನಗೆ ಕೊಡ್ತೀಯೋ ಇಲ್ವೋ?" ಎಂದು ಬಾಗಿಲಲ್ಲೇ ಕೂತುಬಿಡುವ ಅಜ್ಜಿಯರಿಗೆ ಏನು ಹೇಳುವುದು? ಬೇಕರಿಯವರು, ಆಸ್ಪತ್ರೆಯ ನರ್ಸುಗಳು, ಬ್ಯಾಂಕಿನಾಕೆ, ಟೈಲರಮ್ಮ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಬಂದರು. ಆಸರೆ ಮನೆಯ ಕೆಲವರೂ ಒಪ್ಪಿದರು. ಎಲ್ಲರಿಗಿಂತ ಕೊನೆಗೆ, ತಲೆ ತಗ್ಗಿಸಿಕೊಂಡು, ವ್ಯಾನಮ್ಮ "ನಾನೂ ಬರ್ಲಾ?" ಅಂದಳು.

ಅಷ್ಟರಲ್ಲಿ ದೊಡ್ಡ ಶೂ ಅಂಗಡಿಯ ಸಾಹುಕಾರರು ತಾವಾಗಿ ಹೇಳಿಕಳಿಸಿದರು: ಎಲ್ಲರಿಗೂ ಅಂಗಿ ಕೊಡುತ್ತೇವೆ, ವ್ಯಾನಿಗೆ ದೊಡ್ಡ ಮೊತ್ತವನ್ನೇ ಕೊಡುತ್ತೇವೆ, ಓಡಿದವರ ಫೋಟೋಗಳು ಮಾತ್ರ ನಮ್ಮ ಅಂಗಡಿಯಲ್ಲೂ ಪತ್ರಿಕೆಯಲ್ಲೂ ಬರಬೇಕು. ಬ್ರೇಕ್ ಅಕ್ಕನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಆಸರೆ ಮನೆಗೆ ಓಡಿಹೋಗಿ ಸುದ್ದಿ ಹೇಳಿದಳು. ಅಲ್ಲಿ ಯಾರೂ ಕುಣಿಯಲಿಲ್ಲ.

"ಹಾಗಾದ್ರೆ ನಾವು ಬರಲ್ಲಕ್ಕ" ಎಂದಳು ವ್ಯಾನಮ್ಮ. "ಒಂದು ಫೋಟೋ ಸಾಕು, ನಾನೆಲ್ಲಿದೀನಿ ಅಂತ ಅವ್ರಿಗೆ ಗೊತ್ತಾಗೋಕೆ."

ಬ್ರೇಕ್ ಅಕ್ಕನಿಗೆ ತನ್ನ ತಲೆಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಸೀದಾ ಶೂ ಅಂಗಡಿಗೆ ಹೋಗಿ, ಆಸರೆ ಮನೆಯವರೂ ಓಡುತ್ತಾರೆ, ಫೋಟೋ ಆಗುವುದಿಲ್ಲ ಎಂದಳು.

"ಆ ನಾಲ್ಕೈದು ಜನರನ್ನ ಬಿಟ್ಟು ಮಿಕ್ಕವರದ್ದು ತೆಗೆಸೋಣ" ಎಂದರು ಸಾಹುಕಾರರು.

"ಬಿಟ್ರೆ, ಬಿಟ್ಟವ್ರು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತಲ್ಲ ಸಾರ್. ಯಾರಿಗೋಸ್ಕರ ಓಡ್ತಿದೀವೋ ಅವ್ರೇ ಬಾಗಿಲು ಹಾಕ್ಕೊಂಡು ಕೂತ್ರೆ, ನಾವು ಓಡಿ ಏನು ಕಡಿದು ಕಟ್ಟೆ ಹಾಕಿದ ಹಾಗಾಯ್ತು?"

"ಫೋಟೋ ಇಲ್ಲಾಂದ್ರೆ ನಮಗೇನಮ್ಮ ಲಾಭ? ನಮ್ಮ ಕೈಲಾಗಲ್ಲ."

"ಆಗ್ಲಿ ಸಾರ್" ಎಂದು ಅವಳು ಎದ್ದಳು. ಗಲ್ಲಾದ ಹಿಂದೆ ಕೂತಿದ್ದ ಸಾಹುಕಾರರ ಹೆಂಡತಿ ತಲೆ ಎತ್ತಿ ಒಮ್ಮೆ ಇವಳನ್ನು ನೋಡಿದಳು.

ಮೊತ್ತವೂ ಹೋಯಿತು, ಅಂಗಿಯೂ ಹೋಯಿತು. ಟೀಚರ್ ಸಪ್ಪಗಾದಳು. ಬ್ರೇಕ್ ಅಕ್ಕ ಮಾತ್ರ ಎಲ್ಲರಿಗೂ ಹೊಸ ಕಟ್ಟಳೆ ಸಾರಿದಳು: ಫೋನುಗಳೆಲ್ಲ ಅತ್ತೆಯ ಚೀಲದಲ್ಲಿರಬೇಕು, ತಲೆಯ ಮೇಲೆ ಎಲ್ಲರಿಗೂ ಟೋಪಿ ಇರಬೇಕು, ಕಟ್ಟಕಡೆಯವಳಾಗಿ ತಾನು ಇರುತ್ತೇನೆ, ತನ್ನ ಹಿಂದೆ ಯಾರೂ ಉಳಿಯಕೂಡದು.

ಓಟದ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಸಂತೆಯೇ ನೆರೆದಿತ್ತು. ಮರದ ಕೆಳಗೆ ಚಾಪೆ, ಚಾಪೆಯ ತುಂಬ ಮಕ್ಕಳು, ಮಕ್ಕಳ ಸುತ್ತ ಅಜ್ಜಿಯರ ಕೋಟೆ. ಬೇಕರಿಯಾಕೆಯ ತೋಳಿಗೆ ಇನ್ನೂ ಹಿಟ್ಟು ಮೆತ್ತಿತ್ತು. ಟೈಲರಮ್ಮ ಗಂಡನ ಬೂಟಿಗೆ ಕಾಗದ ತುರುಕಿ ಹಾಕಿಕೊಂಡು ಬಂದಿದ್ದಳು. ಟೀಚರ್ ಸೀಟಿ ಊದಿದಳು, ಎಲ್ಲರಿಗಿಂತ ಮುಂದೆ ತಾನೇ ಓಡಿದಳು. ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡ ವ್ಯಾನಮ್ಮ ಬ್ರೇಕ್ ಅಕ್ಕನ ಪಕ್ಕ ಬಿಡದೆ ಹಿಂದೆಯೇ ನಡೆದಳು.

ದಾರಿ ತೋರಿಸಲೆಂದು ಟೀಚರ್ ಹಿಂದಿನ ಸಂಜೆ ಪೊದೆಗಳಿಗೆಲ್ಲ ಕೆಂಪು ಕಾಗದದ ಪಟ್ಟಿ ಕಟ್ಟಿದ್ದಳು. ಗುಡ್ಡದ ಮೇಕೆಗಳು ಅಷ್ಟರಲ್ಲಿ ಅವನ್ನು ತಿಂದು ಮುಗಿಸಿದ್ದವು. ದಾರಿ ಕವಲೊಡೆಯುವಲ್ಲಿ ಒಂದು ಮೇಕೆ ಕೊನೆಯ ಪಟ್ಟಿಯನ್ನು ಮೆಲುಕು ಹಾಕುತ್ತಾ ನಿಂತಿತ್ತು. ಓಟದ ಭರದಲ್ಲಿ ಟೀಚರ್ ಎಡಕ್ಕೆ ಹೊರಳಿದಳು, ಮುಂದಿನ ಗುಂಪೆಲ್ಲ ಅವಳ ಬೆನ್ನು ಹತ್ತಿ ಇಟ್ಟಿಗೆ ಗೂಡಿನ ಅಂಗಳಕ್ಕೆ ಬಂದು ನಿಂತಿತು. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಹೆಂಗಸರು ಕಣ್ಣರಳಿಸಿ, "ಯಾರು ಅಟ್ಟಿಸ್ಕೊಂಡು ಬಂದ್ರು ನಿಮ್ಮನ್ನ?" ಎಂದು ಕೇಳಿದರು. ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕು, ನೀರು ಕೊಟ್ಟು, ದಾರಿ ತೋರಿಸಲೆಂದು ಅವರಲ್ಲಿ ಇಬ್ಬರು ಜೊತೆಗೇ ಹೊರಟರು.

ಹಿಂದೆ ಬರುತ್ತಿದ್ದ ಬ್ರೇಕ್ ಅಕ್ಕ ಆ ಗುಡ್ಡವನ್ನು ಬಲ್ಲವಳು, ನೆಟ್ಟಗೆ ಮೇಲೇರಿದಳು. ಅರ್ಧ ದಾರಿಯಲ್ಲಿ ಬಂಡೆಯ ಮೇಲೆ ಒಬ್ಬಾಕೆ ಹಿಮ್ಮಡಿ ಹಿಡಿದು ಕೂತಿದ್ದಳು. ಟೋಪಿಯ ಕೆಳಗಿನ ಮುಖ ನೋಡಿದರೆ, ಶೂ ಅಂಗಡಿಯ ಸಾಹುಕಾರರ ಹೆಂಡತಿ.

"ನೀವಾ ಅಮ್ಮಾ! ಏನಾಯ್ತು?"

"ಹೊಸಾ ಶೂ ಕಚ್ತಿದೆ." ಆಕೆ ಮುಖ ಹುಳ್ಳಗೆ ಮಾಡಿದಳು. "ನಮ್ಮ ಅಂಗಡೀದೇ."

ಬ್ರೇಕ್ ಅಕ್ಕ ನಗು ತಡೆಯಲು ಕೆಮ್ಮಿದಳು. ವ್ಯಾನಮ್ಮ ಪಕ್ಕದಲ್ಲಿ ಕೂತು, ಕರವಸ್ತ್ರ ಹರಿದು ಆಕೆಯ ಹಿಮ್ಮಡಿಗೆ ಸುತ್ತಿ, ಶೂವಿನ ದಾರವನ್ನು ಸಡಿಲ ಮಾಡಿ ಕಟ್ಟಿದಳು. "ಈಗ ನಡೀರಿ ನೋಡೋಣ." ಮೂವರೂ ಒಬ್ಬರ ಕೈ ಒಬ್ಬರು ಹಿಡಿದು ನೆತ್ತಿ ಮುಟ್ಟಿದರು.

ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ಇಡೀ ಊರು ಕಾಣುತ್ತಿತ್ತು: ಶಾಲೆ, ಆಸ್ಪತ್ರೆ, ಬೆಂಕಿಪೊಟ್ಟಣಗಳಂತೆ ಸಾಲಾಗಿ ನಿಂತ ಬಸ್ಸುಗಳು. ವ್ಯಾನಮ್ಮ ಬಹಳ ಹೊತ್ತು ನೋಡಿದಳು.

"ಊರು ಇಷ್ಟೇ ಇಷ್ಟಾ ಅಕ್ಕ? ನಾನು ಇದಕ್ಕೆ ಹೆದರ್ಕೊಂಡು ಕೂತಿದ್ನಾ?"

ಬ್ರೇಕ್ ಅಕ್ಕ ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ವ್ಯಾನಮ್ಮ ಇಳಿಜಾರಿಗೆ ಮೈಬಿಟ್ಟು ಓಡತೊಡಗಿದಳು. ಟೋಪಿ ಹಾರಿತು, ಅವಳು ತಿರುಗಿಯೂ ನೋಡಲಿಲ್ಲ. ಸಾಹುಕಾರರ ಹೆಂಡತಿಯೂ ಕಚ್ಚುವ ಶೂ ಮರೆತು ಹಿಂದೆ ಓಡಿದಳು. "ಬ್ರೇಕ್! ಬ್ರೇಕಮ್ಮಾ!" ಎಂದು ಕೂಗುತ್ತಾ ಟೋಪಿ ಎತ್ತಿಕೊಂಡು ಹೊರಟ ಬ್ರೇಕ್ ಅಕ್ಕ ಜಲ್ಲಿಯ ಮೇಲೆ ಜಾರಿ ಕುಕ್ಕರಿಸಿ ಕೂತಳು. ಕೂತಲ್ಲೇ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

ಅವಳು ಕುಂಟುತ್ತಾ ಬುಡಕ್ಕೆ ಬಂದಾಗ ಎಲ್ಲರೂ ಬಂದಾಗಿತ್ತು. ಟೀಚರ ಗುಂಪು ಇಟ್ಟಿಗೆ ಗೂಡಿನ ಕಡೆಯಿಂದ, ಬರಬೇಕಾದ ದಿಕ್ಕಿಗೆ ತದ್ವಿರುದ್ಧವಾಗಿ ಬಂದಿತ್ತು. ಯಾರು ಮೊದಲು ಎಂದು ಹೇಳಲು ಯಾರಿಂದಲೂ ಆಗಲಿಲ್ಲ. ವ್ಯಾನಮ್ಮ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮರದ ಸುತ್ತ ತಿರುಗುತ್ತಿದ್ದಳು.

ಸಾಹುಕಾರರ ಹೆಂಡತಿ ಬರಿಗಾಲಲ್ಲಿ ಹತ್ತಿರ ಬಂದಳು. "ಫೋಟೋ ಬೇಡ, ಬೋರ್ಡ್ ಬೇಡ. ವ್ಯಾನಿಗೆ ಎಷ್ಟು ಕಮ್ಮಿ ಬಿದ್ರೂ ನಾವು ಹಾಕ್ತೀವಿ."

"ಸಾಹುಕಾರ್ರು ಒಪ್ತಾರಾ?"

"ಒಪ್ಪದೆ ಏನು! ಇಲ್ಲಾಂದ್ರೆ ಇದೇ ಶೂ ಅವರ ಕಾಲಿಗೆ ಹಾಕಿಸಿ ಇದೇ ಗುಡ್ಡ ಹತ್ತಿಸ್ತೀನಿ."

ಸಾಹುಕಾರರು ಒಪ್ಪಿದರು. ಬೇಕರಿಯವರ ಹಳೆಯ ವ್ಯಾನ್ ಆಸರೆ ಮನೆಗೆ ಬಂತು. ಬಾಗಿಲು ತೆಗೆದರೆ ಈಗಲೂ ಬ್ರೆಡ್ಡಿನ ಘಮ. ಅದನ್ನು ಓಡಿಸುವವಳು ಯಾರೆಂದು ಯಾರೂ ಕೇಳುವ ಪ್ರಮೇಯವೇ ಬರಲಿಲ್ಲ.

ಓಟ ಮುಗಿದರೂ ಹೆಂಗಸರು ಗುಡ್ಡ ಬಿಡಲಿಲ್ಲ. ಭಾನುವಾರದ ಬೆಳಿಗ್ಗೆ ಬಿಡುವಾದವರು ಬರುತ್ತಾರೆ, ಇಟ್ಟಿಗೆ ಗೂಡಿನ ಇಬ್ಬರೂ ಬರುತ್ತಾರೆ. ಓಡುವವರು ಓಡುತ್ತಾರೆ, ಮಾತಾಡುವವರು ಮಾತಾಡುತ್ತಾ ಏರುತ್ತಾರೆ. ಬುಡದಲ್ಲಿ ಅತ್ತೆ ಚಾಪೆ ಹಾಸಿ, "ಬೇಗ ಬರ್ಬೇಡಿ, ಮಕ್ಕಳು ಇನ್ನೂ ಆಡ್ತಿದಾರೆ" ಎಂದು ಕೂಗಿ ಹೇಳುತ್ತಾರೆ.